ಜ್ವರ ಹೊತ್ತುಕೊಂಡು ಹೋದ ಪಾಠ

ಕಳೆದ ಜುಲೈಯಲ್ಲಿ ನಾನೊಂದು ಒಳ್ಳೆಯ ಪಾಠ ಮಾಡಿದೆ. ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ, ಅವಲೋಕನ ನಮೂನೆಯಲ್ಲಿ ಹಾಗೆ ಬರೆದಿದೆ. ನಮ್ಮ ಐದು ಮಂದಿಯ ತಂಡ ಬಂಟ್ವಾಳ ತಾಲೂಕಿನ ಒಂದು ಪ್ರೌಢಶಾಲೆಗೆ ಇಂಟರ್ನ್‌ಶಿಪ್‌ಗೆ ಹೋಗಿತ್ತು. ಬೆಳಿಗ್ಗೆ ಎಂಟು, ಒಂಬತ್ತನೇ ತರಗತಿಗಳಿಗೆ ವಿಜ್ಞಾನ ಪಾಠ. ಅದರ ಜೊತೆಗೆ ಸಮುದಾಯ ಕಾರ್ಯದ ಲೆಕ್ಕದಲ್ಲಿ ಅದೇ ಆವರಣದ ಅಂಗನವಾಡಿಯಲ್ಲಿ ಎರಡು ವಾರ. ಅಲ್ಲಿ ನನ್ನ ಪಾಲಿಗೆ ಬಂದ ವಿಷಯ ‘ಕೈ ತೊಳೆಯುವ ಅಭ್ಯಾಸ’. ಪೀಠಿಕೆ ಚೆನ್ನಾಗಿತ್ತು, ಕಲಿಕೋಪಕರಣ ಸೂಕ್ತವಾಗಿತ್ತು, ಮಕ್ಕಳ ಭಾಗವಹಿಸುವಿಕೆ ಉತ್ತಮ, ಬಲವರ್ಧನೆ ಉತ್ತಮ. ಒಂದೊಂದು ಮಗುವಿನ ಕೈಯನ್ನೂ ಹಿಡಿದು, ಬೆರಳ ಸಂದಿಗೆ ಸೋಪು ಹಚ್ಚಿ, ಮುಖದ ಹತ್ತಿರ ಮುಖ ತಂದು ತೋರಿಸಿದ್ದೆ. ‘ಮಗುಸ್ನೇಹಿ ವಿಧಾನ’ ಎಂಬ ಟಿಪ್ಪಣಿ ಅದಕ್ಕೇ ಬಂದದ್ದು.

ಆ ದಿನ ನನಗೆ ಜ್ವರವಿತ್ತು.

ಹಿಂದಿನ ಸಂಜೆ ಮೂಡುಬಿದಿರೆಯಿಂದ ವೇಣೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಗಂಟಲು ಕೆರೆಯಲು ಆರಂಭವಾಗಿತ್ತು. ಮಳೆಗೆ ಬಸ್ಸಿನ ಎಲ್ಲ ಕಿಟಕಿಗಳೂ ಮುಚ್ಚಿದ್ದವು, ಹಿಂದಿನ ಸೀಟಿನವರು ಕೆಮ್ಮುತ್ತಿದ್ದರು. ಅವರಿಂದಲೇ ಬಂತು ಎಂದು ಹೇಳುವುದಿಲ್ಲ, ಅದು ಎರಡು ಮೂರು ದಿನ ಮೊದಲೇ ಬಂದಿರಬೇಕು. ಮರುದಿನ ಬೆಳಿಗ್ಗೆ ಮೈ ಬಿಸಿಯಿತ್ತು. ಒಂದು ಮಾತ್ರೆ ನುಂಗಿ, ಚಾರ್ಟು ಸುತ್ತಿಕೊಂಡು ಹೊರಟೆ. ಆ ದಿನ ಮಾರ್ಗದರ್ಶಿ ಉಪನ್ಯಾಸಕರು ಪಾಠ ನೋಡಲು ಬರುವುದಿತ್ತು.

ಪಾಠ ಗುರುವಾರ. ಅಂಗನವಾಡಿಯ ಹಾಜರಿಯಲ್ಲಿ 22 ಮಕ್ಕಳಿದ್ದಾರೆ. ಮರುವಾರ ಸೋಮವಾರ ಬಂದದ್ದು 13. ಬಾರದ ಒಂಬತ್ತರಲ್ಲಿ ಏಳು ಮಕ್ಕಳಿಗೆ ಜ್ವರ, ಕೆಮ್ಮು. ಆ ವಾರದ ಕೊನೆಗೆ ಒಂದು ಮಗುವಿನ ಅಜ್ಜಿ ಆಸ್ಪತ್ರೆ ಸೇರಿದರು. ಅವರಿಗೆ ಮೊದಲೇ ದಮ್ಮಿನ ತೊಂದರೆ. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎಂದು ಬಂತಂತೆ. ಆರು ದಿನ ಆಕ್ಸಿಜನ್‌ನಲ್ಲಿದ್ದು ಮನೆಗೆ ಬಂದರು.

ನನ್ನಿಂದಲೇ ಹಬ್ಬಿತು ಎನ್ನಲು ಪುರಾವೆ ಇಲ್ಲ. ನಾನು ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ, ಡಾಕ್ಟರು ‘ವೈರಲ್’ ಎಂದು ಹೇಳಿ ಮಾತ್ರೆ ಕೊಟ್ಟರು. ಜುಲೈಯಲ್ಲಿ ನಮ್ಮ ಕಡೆ ಯಾರಿಗೆ ಶೀತವಿಲ್ಲ? ಆದರೆ ಬಿ.ಎಸ್ಸಿ. ಓದಿದವಳಾಗಿ ಲೆಕ್ಕ ಹಾಕದೆ ಇರಲು ಆಗುವುದಿಲ್ಲ. ಇನ್‌ಫ್ಲುಯೆಂಜಾ ವೈರಸ್ ಒಳಸೇರಿದ ಮೇಲೆ ಲಕ್ಷಣ ಕಾಣಲು ಒಂದರಿಂದ ನಾಲ್ಕು ದಿನ ಬೇಕು, ಹೆಚ್ಚಾಗಿ ಎರಡು ದಿನ. ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಅದು ಇನ್ನೊಬ್ಬರಿಗೆ ಹರಡಬಲ್ಲದು, ಮೊದಲ ಮೂರು ನಾಲ್ಕು ದಿನ ಅತಿ ಹೆಚ್ಚು. ಗುರುವಾರಕ್ಕೆ ಎರಡು ಸೇರಿಸಿದರೆ ಶನಿವಾರ, ನಾಲ್ಕು ಸೇರಿಸಿದರೆ ಸೋಮವಾರ. ಇನ್ನೊಂದು ವಿಷಯವೂ ಇದೆ. ಆ ಮಕ್ಕಳಲ್ಲಿ ಹೆಚ್ಚಿನವರು ಒಂದೆರಡು ಕಿಲೋಮೀಟರ್ ಒಳಗಿನವರು, ಅಮ್ಮನ ಕೈ ಹಿಡಿದು ಗದ್ದೆಯ ಬದುವಿನಲ್ಲಿ ನಡೆದು ಬರುವವರು. ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳ ಎಂದು ಮೂರು ತಾಲೂಕುಗಳಿಂದ ದಿನಕ್ಕೆ ನಾಲ್ಕು ಬಸ್ಸು ಹತ್ತಿಳಿದು ಆ ಕೋಣೆಗೆ ಬರುತ್ತಿದ್ದವರು ನಾವು ಐದು ಮಂದಿ. ಊರಿನ ಹೊರಗಿನ ಗಾಳಿಯನ್ನು ಆ ಕೋಣೆಯೊಳಗೆ ತಂದವರು ಯಾರು ಎಂದು ಕೇಳಿದರೆ ನಾವು ಮಕ್ಕಳ ಕಡೆಗೆ ಬೆರಳು ತೋರಿಸುವಂತಿಲ್ಲ.

ಹಾಗಾದರೆ ಯಾಕೆ ಹೋದೆ? ‘ಹಾಜರಿ ಕಡ್ಡಾಯ’ ಎಂಬುದು ನಾವೆಲ್ಲ ಹೇಳುವ ಉತ್ತರ. ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪರಿಷತ್ತಿನ 2014ರ ನಿಯಮಾವಳಿಯಂತೆ ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಿ ಬೇಕು. ನಾನು ಅದನ್ನೇ ನೆಪ ಮಾಡಿಕೊಂಡಿದ್ದೆ. ಆಮೇಲೆ ಕುಳಿತು ಲೆಕ್ಕ ಹಾಕಿದೆ. ಹದಿನಾರು ವಾರಗಳ ಇಂಟರ್ನ್‌ಶಿಪ್ ಎಂದರೆ ವಾರಕ್ಕೆ ಆರು ದಿನದಂತೆ 96 ದಿನ. ಶೇ. 10 ಬಿಟ್ಟರೂ ಒಂಬತ್ತು ದಿನ ರಜೆಗೆ ಜಾಗವಿದೆ. ಅಲ್ಲಿಯವರೆಗೆ ನಾನು ತೆಗೆದುಕೊಂಡದ್ದು ಒಂದು ದಿನ, ಅದೂ ಚಿಕ್ಕಮ್ಮನ ಮಗಳ ಮದುವೆಗೆ. ಮದುವೆಗೆ ರಜೆ ಕೇಳಲು ನಾಚಿಕೆಯಾಗದವಳಿಗೆ ಜ್ವರಕ್ಕೆ ಕೇಳಲು ನಾಚಿಕೆಯಾಯಿತು. ಯಾರೂ ನನ್ನನ್ನು ಬಾ ಎಂದು ಹೇಳಿರಲಿಲ್ಲ. ಪಾಠಗಳ ಸಂಖ್ಯೆ ಮುಗಿಯದೆ ಹೋದರೆ, ಅವಲೋಕನ ಮುಂದೆ ಹೋದರೆ, ‘ಇವಳು ನೆಪ ಹೇಳುವವಳು’ ಎಂದುಕೊಂಡರೆ ಎಂಬ ಹೆದರಿಕೆಯಷ್ಟೇ. ಮೂಗಿನಲ್ಲಿ ನೀರು ಸುರಿಯುತ್ತಿದ್ದರೂ ಬರುವವರನ್ನು ನಾವು ‘ಸಿನ್ಸಿಯರ್’ ಎನ್ನುತ್ತೇವೆ. ಶಾಲೆಗಳಲ್ಲಿ ವರ್ಷವಿಡೀ ಒಂದು ದಿನವೂ ತಪ್ಪದೆ ಬಂದ ಮಗುವಿಗೆ ಬಹುಮಾನ ಕೊಡುತ್ತೇವೆ. ನನಗೂ ಏಳನೇ ತರಗತಿಯಲ್ಲಿ ಒಂದು ಸ್ಟೀಲ್ ಲೋಟ ಸಿಕ್ಕಿತ್ತು. ಆ ವರ್ಷ ಎಷ್ಟು ಮಂದಿಗೆ ಶೀತ ಹಂಚಿದ್ದೆನೋ ದೇವರೇ ಬಲ್ಲ.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಚಿಕ್ಕ ಮಕ್ಕಳಿರುವಲ್ಲಿ ಜ್ವರ ಹರಡದಂತೆ ಏನು ಮಾಡಬೇಕು ಎಂದು ಕೇಳಿದರೆ ನಮ್ಮ ಉತ್ತರ ಶುರುವಾಗುವುದೇ ತಾಯಂದಿರಿಂದ. ‘ಜ್ವರವಿದ್ದರೆ ಮಗುವನ್ನು ಕಳಿಸಬೇಡಿ.’ 2025ರ ಮೇ ಕೊನೆಯಲ್ಲಿ, ಕೋವಿಡ್ ಪ್ರಕರಣಗಳು ಮತ್ತೆ ಸ್ವಲ್ಪ ಏರಿದಾಗ, ರಾಜ್ಯದ ಆರೋಗ್ಯ ಇಲಾಖೆ ಹೊರಡಿಸಿದ ಸುತ್ತೋಲೆಯಲ್ಲೂ ಇದೇ ಇತ್ತು: ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಪೂರ್ತಿ ಗುಣವಾದ ಮೇಲೆ ಕಳಿಸಿ, ಬಂದರೆ ಪೋಷಕರಿಗೆ ತಿಳಿಸಿ ಮನೆಗೆ ಕಳಿಸಿ. ಮಾತು ಸರಿಯೇ. ಆ ಸುತ್ತೋಲೆಯಲ್ಲಿ ಶಿಕ್ಷಕರ, ಸಿಬ್ಬಂದಿಯ ಲಕ್ಷಣಗಳ ಬಗ್ಗೆಯೂ ಎಚ್ಚರ ಹೇಳಲಾಗಿತ್ತು. ಆದರೆ ನಾವು ಗೋಡೆಗೆ ಬರೆದು ಹಾಕುವುದು ಮೊದಲಿನ ಭಾಗವನ್ನು ಮಾತ್ರ.

ತಾಯಂದಿರ ಕಡೆಯದು ನನಗೆ ಸ್ವಲ್ಪ ಗೊತ್ತು. ಪಿಯುಸಿ ಆದ ಮೇಲೆ, ಈ ಕೋರ್ಸಿಗೆ ಸೇರುವ ಮೊದಲು, ಎರಡು ವರ್ಷ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡಿದ್ದೆ. ಮಳೆಗಾಲದಲ್ಲಿ ಬಾಗಿಲು ತೆರೆಯುವ ಹೊತ್ತಿಗೇ ನಾಲ್ಕೈದು ಹೆಂಗಸರು ನಿಂತಿರುತ್ತಿದ್ದರು. ಮಗು ಸೊಂಟದ ಮೇಲೆ, ಕೈಯಲ್ಲಿ ಹಳೆಯ ಸಿರಪ್ ಬಾಟಲಿ. ‘ಇದೇ ಕೊಡಿ’ ಎಂದು ಪ್ಯಾರಾಸಿಟಮಾಲ್ ಸಿರಪ್ ಪಡೆದು, ಅಲ್ಲೇ ಮುಚ್ಚಳದಲ್ಲಿ ಅಳತೆ ಹಾಕಿ ಕುಡಿಸಿ, ಮಗುವನ್ನು ಅಂಗನವಾಡಿಗೆ ಬಿಟ್ಟು ಗೇರುಬೀಜದ ಕಾರ್ಖಾನೆಗೆ ಹೋಗುವವರು. ಎಂಟಕ್ಕೆ ಕುಡಿಸಿದ ಸಿರಪ್ಪಿನ ಬಲ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಬೆಳಿಗ್ಗೆ ನಗುತ್ತಾ ಬಂದ ಮಗು ಊಟದ ಹೊತ್ತಿಗೆ ಮುದುಡಿ ಕೂರುತ್ತದೆ. ಜ್ವರದ ಔಷಧ ಕೊಡದೆಯೇ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಮಗುವನ್ನು ಕಳಿಸಬೇಕು ಎಂಬ ನಿಯಮದ ಅರ್ಥ ನನಗೆ ಹೊಳೆದದ್ದು ಪಠ್ಯಪುಸ್ತಕದಿಂದ ಅಲ್ಲ, ಆ ಕೌಂಟರಿನಿಂದ. ಗುರುವಾರ ಬೆಳಿಗ್ಗೆ ನಾನು ಮಾತ್ರೆ ನುಂಗಿ ಹೊರಟದ್ದಕ್ಕೂ ಆ ತಾಯಿ ಸಿರಪ್ ಕುಡಿಸಿದ್ದಕ್ಕೂ ಏನು ವ್ಯತ್ಯಾಸ? ಒಂದೇ ವ್ಯತ್ಯಾಸ. ಆಕೆ ಹೋಗದಿದ್ದರೆ ಆ ದಿನದ ಮಜೂರಿ ಇಲ್ಲ. ನನಗೆ ಹೋಗುವುದು ಒಂದು ಅಂಕದ ಮಾತು.

ಬೀಡಿ ಕಟ್ಟುವ ತಾಯಂದಿರು ಮನೆಯಲ್ಲೇ ಇರುತ್ತಾರಲ್ಲ, ಅವರಿಗೇನು ಕಷ್ಟ ಎಂದು ನಮ್ಮ ತಂಡದಲ್ಲೇ ಒಬ್ಬರು ಕೇಳಿದರು. ಬೀಡಿ ಕಟ್ಟುವ ಮನೆಯಲ್ಲಿ ಬೆಳೆದವಳು ನಾನು. ಸೂಪಿನ ಮುಂದೆ ಕುಳಿತ ಮೇಲೆ ಸಾವಿರ ಬೀಡಿ ಆಗುವವರೆಗೆ ಏಳುವಂತಿಲ್ಲ. ಜ್ವರದ ಮಗು ಮಡಿಲಿಗೇ ಬರುತ್ತದೆ, ಹೊಗೆಸೊಪ್ಪಿನ ಧೂಳಿನ ನಡುವೆ. ಅಲ್ಲಿಗಿಂತ ಅಂಗನವಾಡಿಯ ಚಾಪೆ ಮೇಲು ಎಂದು ಆ ತಾಯಿಗೆ ಅನಿಸಿದರೆ ಅದು ಬೇಜವಾಬ್ದಾರಿ ಅಲ್ಲ. ಅಲ್ಲದೆ ಅಂಗನವಾಡಿಗೆ ಬಾರದ ಮಗುವಿಗೆ ಆ ದಿನದ ಬಿಸಿಯೂಟ, ಹಾಲು, ಮೊಟ್ಟೆ ತಪ್ಪುತ್ತದೆ. ಜ್ವರ ಬಂದ ಮಗುವಿಗೆ ಊಟ ಹೆಚ್ಚು ಬೇಕಾದ ಹೊತ್ತಿನಲ್ಲೇ ನಾವು ‘ಬರಬೇಡ’ ಎನ್ನುತ್ತೇವೆ. ಕೋವಿಡ್ ಕಾಲದಲ್ಲಿ ಅಂಗನವಾಡಿಗಳು ಮುಚ್ಚಿದ್ದಾಗ ಆಹಾರ ಸಾಮಗ್ರಿ ಮನೆಗೇ ಹೋಗಿತ್ತು. ಕಾಯಿಲೆಯ ಮಗುವಿನ ಪಾಲನ್ನು ನೆರೆಮನೆಯವರ ಕೈಯಲ್ಲಿ ಕಳಿಸುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ. ಬಾಲವಿಕಾಸ ಸಮಿತಿಯಲ್ಲಿ ಈ ಮಾತು ಎತ್ತಬೇಕು ಎಂದು ನಾನು ಕಾರ್ಯಕರ್ತೆಯವರಿಗೆ ಹೇಳಿದಾಗ ಅವರು ನಕ್ಕರು: ‘ನೀವು ಎರಡು ವಾರಕ್ಕೆ ಬಂದವರು ಮೇಡಂ, ಹೇಳುವುದು ಸುಲಭ.’ ನಿಜ.

ಅಜ್ಜಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದು ನನ್ನನ್ನು ಬಿಡುತ್ತಿಲ್ಲ. ‘ಮಕ್ಕಳಿಗೆ ಶೀತ ಜ್ವರ ಮಾಮೂಲು, ನಾಲ್ಕು ದಿನದಲ್ಲಿ ಏಳುತ್ತವೆ’ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಹೆಚ್ಚಿನ ಮಕ್ಕಳು ಏಳುತ್ತಾರೆ, ಸರಿ. ಆದರೆ ಮಗು ಅದನ್ನು ಮನೆಗೆ ಒಯ್ದು ಯಾರ ಮಗ್ಗುಲಲ್ಲಿ ಮಲಗುತ್ತದೆ? ಜಪಾನಿನಲ್ಲಿ 1962ರಿಂದ ಶಾಲಾ ಮಕ್ಕಳಿಗೆ ಇನ್‌ಫ್ಲುಯೆಂಜಾ ಲಸಿಕೆ ಹಾಕುವ ಕಾರ್ಯಕ್ರಮವಿತ್ತು, 1977ರಲ್ಲಿ ಕಡ್ಡಾಯವಾಯಿತು, 1994ರಲ್ಲಿ ನಿಂತಿತು. ಆಮೇಲೆ ಸಾವಿನ ಅಂಕಿಅಂಶಗಳನ್ನು ನೋಡಿದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆ ಕಾರ್ಯಕ್ರಮ ನಡೆಯುತ್ತಿದ್ದಾಗ ವರ್ಷಕ್ಕೆ ಸುಮಾರು 37,000ದಿಂದ 49,000 ಸಾವುಗಳು ತಪ್ಪಿದ್ದವು. ಅವುಗಳಲ್ಲಿ ಹೆಚ್ಚಿನವು ವೃದ್ಧರ ಸಾವುಗಳು. ಲಸಿಕೆ ಚುಚ್ಚಿಸಿಕೊಂಡದ್ದು ಮೊಮ್ಮಕ್ಕಳು, ಉಳಿದದ್ದು ಅಜ್ಜ ಅಜ್ಜಿಯರು. ನಮ್ಮಲ್ಲಿ ಭಾರತೀಯ ಮಕ್ಕಳ ತಜ್ಞರ ಸಂಘ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವರ್ಷಕ್ಕೊಮ್ಮೆ ಈ ಲಸಿಕೆ ಕೊಡಿಸಲು ಹೇಳುತ್ತದೆ. ಆದರೆ ಸರ್ಕಾರದ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಅದು ಇಲ್ಲ. ಖಾಸಗಿಯಲ್ಲಿ ಹಾಕಿಸಲು ಬೀಡಿ ಕಟ್ಟುವ ಮನೆಯ ಹಲವು ದಿನಗಳ ಮಜೂರಿ ಬೇಕು. ಆದ್ದರಿಂದ ಲಸಿಕೆಯ ಬಗ್ಗೆ ತಾಯಂದಿರ ಸಭೆಯಲ್ಲಿ ಭಾಷಣ ಮಾಡುವ ಮನಸ್ಸು ನನಗಿಲ್ಲ. ಮಕ್ಕಳ ನಡುವೆ ಕೆಲಸ ಮಾಡಲು ಹೋಗುವ ನಾವು ನಮಗೆ ಹಾಕಿಸಿಕೊಳ್ಳುವ ಬಗ್ಗೆ ಯೋಚಿಸಬಹುದು.

ಇನ್ನು ಆ ಕೋಣೆ. ಬಾಗಿಲ ಹಿಂದೆ ಒಂದು ಮೊಳೆ, ಮೊಳೆಗೆ ಒಂದು ಬೈರಾಸು. ನನ್ನ ಪಾಠದಲ್ಲಿ ಸೋಪಿನಿಂದ ಕೈ ತೊಳೆದ 22 ಮಕ್ಕಳೂ ಒರೆಸಿಕೊಂಡದ್ದು ಆ ಒಂದೇ ಬೈರಾಸಿಗೆ, ಆಮೇಲೆ ಅದರಲ್ಲೇ ಮೂಗು. ಮಳೆಗಾಲದಲ್ಲಿ ಅದು ಒಣಗುವುದೂ ಇಲ್ಲ. ನನ್ನ ಪಾಠ ಯೋಜನೆಯಲ್ಲಿ ‘ಕೈ ಒರೆಸುವುದು’ ಎಂಬ ಹಂತವೇ ಇರಲಿಲ್ಲ. ಸೋಪು ವೈರಸ್ಸಿನ ಕೊಬ್ಬಿನ ಹೊದಿಕೆಯನ್ನು ಕರಗಿಸುತ್ತದೆ ಎಂದು ಒಂಬತ್ತನೇ ತರಗತಿಗೆ ಹೇಳಿದವಳು ನಾನು, ಆ ಮೊಳೆಯನ್ನು ನೋಡಲಿಲ್ಲ. ಎರಡನೇ ವಾರದಲ್ಲಿ ಹಳೆಯ ಕಾಟನ್ ಸೀರೆಯೊಂದನ್ನು ಅಂಗೈ ಅಗಲದ ತುಂಡುಗಳಾಗಿ ಹರಿದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆವು. ಸಂಜೆ ಎಲ್ಲವನ್ನೂ ಸೋಪಿನಲ್ಲಿ ಒಗೆದು ಅಡುಗೆ ಕೋಣೆಯಲ್ಲಿ ಒಣಗಿಸುವುದು. ಸಹಾಯಕಿಗೆ ಇದು ಹೆಚ್ಚುವರಿ ಕೆಲಸ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ನಲ್ಲಿ ಒಂದೇ. ಮಗುವಿಗೆ ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ತೊಳೆಯಲು ಹೇಗೂ 40 ಸೆಕೆಂಡು ಬೇಕು. 22 ಮಕ್ಕಳಿಗೆ ಹೆಚ್ಚುಕಡಿಮೆ ಕಾಲು ಗಂಟೆ. ಅನ್ನ ಆರುತ್ತದೆ, ಸಾಲು ಕೆಡುತ್ತದೆ. ಅದಕ್ಕೇ ನಾವು ಹೋಗುವ ಮೊದಲು ಒಂದು ಬಕೆಟಿನಲ್ಲಿ ಎಲ್ಲರೂ ಕೈ ಅದ್ದುವ ಪದ್ಧತಿ ಇತ್ತು. ಅದು ತೊಳೆಯುವುದಲ್ಲ, ಹಂಚಿಕೊಳ್ಳುವುದು. ಮೂರು ಚೆಂಬು, ಮೂರು ಜನ ನೀರು ಹೊಯ್ಯುವವರು ಇದ್ದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಪಕ್ಕದ ಶಾಲೆಯ ಏಳನೇ ತರಗತಿಯ ಮಕ್ಕಳು ಸರದಿಯಂತೆ ಸಂತೋಷದಿಂದ ಬಂದರು.

ಕೈಯಿಂದ ಏನೆಲ್ಲ ಹರಡುತ್ತದೆ ಎಂದು ತೋರಿಸಲು ಕೊನೆಯ ದಿನ ಒಂದು ಪ್ರಯೋಗ ಮಾಡಿದೆ. ಒಬ್ಬನ ಅಂಗೈಗೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ಅರಿಶಿನ ಪುಡಿ ಉದುರಿಸಿ, ಎಂದಿನಂತೆ ಆಡಲು ಬಿಟ್ಟೆ. ಹತ್ತು ನಿಮಿಷದಲ್ಲಿ ಹಳದಿ ಬಣ್ಣ ಬ್ಲಾಕುಗಳ ಮೇಲೆ, ಬಾಗಿಲ ಚಿಲಕದ ಮೇಲೆ, ಇನ್ನಿಬ್ಬರ ಕೆನ್ನೆಯ ಮೇಲೆ, ನನ್ನ ಚೂಡಿದಾರದ ಮೇಲೆ. ಮೂರು ವರ್ಷದವರಿಗೂ ಅರ್ಥವಾಯಿತು. ಮಾಡುವವರು ಹಳೆಯ ಬಟ್ಟೆ ಹಾಕಿಸಿ ಮಾಡಿ. ಇಬ್ಬರು ತಾಯಂದಿರಿಂದ ನಾನು ಬೈಸಿಕೊಂಡೆ.

ಆದರೆ ಕೈ ತೊಳೆಯುವುದಕ್ಕೇ ಎಲ್ಲವನ್ನೂ ಬಿಟ್ಟುಬಿಡಬಾರದು. ಇನ್‌ಫ್ಲುಯೆಂಜಾ ಮುಖ್ಯವಾಗಿ ಹರಡುವುದು ಕೆಮ್ಮು, ಸೀನು, ಮಾತಿನ ಹನಿಗಳಿಂದ, ಹತ್ತಿರದ ಗಾಳಿಯಿಂದ. ಮಳೆ ಬೀಸುತ್ತದೆ ಎಂದು ಎಲ್ಲ ಕಿಟಕಿ ಮುಚ್ಚಿದ ಕೋಣೆಯಲ್ಲಿ ತೋಳಿಗೆ ತೋಳು ತಾಗಿಸಿ ಕುಳಿತ ಮಕ್ಕಳಿಗೆ ಸೋಪು ಎಷ್ಟು ರಕ್ಷಣೆ ಕೊಟ್ಟೀತು? ನಮ್ಮ ಕಡೆ ಮಳೆ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಪೂರ್ವದ ಕಿಟಕಿಯನ್ನೂ ಜಗಲಿಯ ಬಾಗಿಲನ್ನೂ ತೆರೆದಿಡಲು ಏನೂ ಅಡ್ಡಿಯಿರಲಿಲ್ಲ, ಅಭ್ಯಾಸವಿರಲಿಲ್ಲ ಅಷ್ಟೇ. ಮಧ್ಯಾಹ್ನ ಮಲಗುವಾಗ ಒಬ್ಬರ ತಲೆಯ ಪಕ್ಕ ಇನ್ನೊಬ್ಬರ ಕಾಲು ಬರುವಂತೆ ಚಾಪೆ ಹಾಸಿದರೆ ಉಸಿರಿಗೆ ಉಸಿರು ತಾಗುವುದಿಲ್ಲ, ಜಾಗವೂ ಹೆಚ್ಚು ಬೇಡ. ಐದು ವರ್ಷದ ಒಳಗಿನವರಿಗೆ ಮಾಸ್ಕ್ ಕಡ್ಡಾಯ ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಕೂಡ 2020ರಲ್ಲೇ ಹೇಳಿದ್ದವು. ಮಾಸ್ಕ್ ಹಾಕಬೇಕಾದವರು ಕೆಮ್ಮುವ ದೊಡ್ಡವರು. ಆಟಿ ಅಮಾವಾಸ್ಯೆಯ ಪಾಲೆ ಕಷಾಯ ಕುಡಿದಿದ್ದೇವೆ, ವರ್ಷವಿಡೀ ಕಾಯಿಲೆ ಬಾರದು ಎನ್ನುವ ಹಿರಿಯರೊಡನೆ ನಾನು ವಾದಕ್ಕೆ ಹೋಗುವುದಿಲ್ಲ. ನಾನೂ ಕುಡಿಯುತ್ತೇನೆ. ಕಿಟಕಿಯನ್ನೂ ತೆರೆಯಿರಿ ಎನ್ನುತ್ತೇನೆ.

ಬಂದ ಮೇಲೆ ಜ್ವರ ಏರಿದ ಮಗುವನ್ನು ಏನು ಮಾಡುವುದು? ಅಮ್ಮನಿಗೆ ಫೋನ್ ಮಾಡಿದರೆ ಕಾರ್ಖಾನೆಯಲ್ಲಿ ಫೋನ್ ಎತ್ತಲು ಬಿಡುವುದಿಲ್ಲ. ಬರಲು ಎರಡು ಗಂಟೆ ಬೇಕು. ಅಷ್ಟು ಹೊತ್ತು ಮಗುವನ್ನು ಬೈಯದೆ, ಬೇರೆ ಮಾಡಿದಂತೆ ಅನಿಸದಂತೆ, ಜಗಲಿಯಲ್ಲಿ ಗಾಳಿ ಬರುವ ಕಡೆ ಒಂದು ಚಾಪೆ, ಕುಡಿಯಲು ಗಂಜಿ ತಿಳಿ, ಜೊತೆಗೆ ಮಾಸ್ಕ್ ಹಾಕಿದ ಒಬ್ಬರು. ಕೈಯಲ್ಲಿ ವಾಚಿದ್ದರೆ ಮಗು ಶಾಂತವಾಗಿರುವಾಗ ಒಂದು ನಿಮಿಷ ಉಸಿರು ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಹೆಚ್ಚು ಇದ್ದರೆ, ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ನೀರು ಕುಡಿಯಲೂ ಆಗದಿದ್ದರೆ ಅಮ್ಮನಿಗಾಗಿ ಕಾಯದೆ ಆಸ್ಪತ್ರೆಗೆ. ವಿಜ್ಞಾನ ಪದವಿಯ ನಮಗೆ ಇದನ್ನು ಕಲಿಯಲು ಅರ್ಧ ಗಂಟೆ ಸಾಕು, ಯಾರೂ ಕಲಿಸಿಲ್ಲ.

ಈಗ ಕಾಲೇಜಿಗೆ ನನ್ನ ಕೋರಿಕೆ. ಇಂಟರ್ನ್‌ಶಿಪ್‌ಗೆ ಹೊರಡುವ ಮೊದಲಿನ ಮಾಹಿತಿ ಸಭೆಯಲ್ಲಿ ಸೀರೆಯ ಬಣ್ಣ, ಐಡಿ ಕಾರ್ಡು, ಪಾಠ ಯೋಜನೆಯ ಅಂಚುಗೆರೆ ಎಲ್ಲವನ್ನೂ ಹೇಳುತ್ತೇವೆ. ‘ಜ್ವರ ಬಂದರೆ ಬರಬೇಡಿ, ಫೋನ್ ಮಾಡಿ, ನಿಮ್ಮ ಪಾಠವನ್ನು ಬೇರೆ ದಿನ ನೋಡುತ್ತೇವೆ’ ಎಂಬ ಒಂದು ವಾಕ್ಯವನ್ನು ಉಪನ್ಯಾಸಕರ ಬಾಯಿಂದ ನಾವು ಕೇಳಬೇಕು. ನಿಯಮದಲ್ಲಿ ಜಾಗ ಇದೆ ಎಂಬುದು ಬೇರೆ, ಬಾರದಿದ್ದರೆ ಕೆಟ್ಟ ಹೆಸರು ಬರುವುದಿಲ್ಲ ಎಂದು ಗೊತ್ತಾಗುವುದು ಬೇರೆ. ಹೀಗೆ ಬಿಟ್ಟರೆ ಎಲ್ಲರೂ ಜ್ವರದ ನೆಪ ಹೇಳುತ್ತಾರೆ ಎಂಬ ಆಕ್ಷೇಪ ಬರುತ್ತದೆ, ನನಗೆ ಗೊತ್ತು. ಒಬ್ಬಿಬ್ಬರು ಹೇಳಲಿ. ಸುಳ್ಳು ಜ್ವರದಿಂದ ಒಂದು ಪಾಠ ಹಾಳಾಗುತ್ತದೆ, ನಿಜವಾದ ಜ್ವರ ಹೊತ್ತು ಬಂದದ್ದರಿಂದ ಏನಾಗುತ್ತದೆ ಎಂದು ಮೇಲೆ ಬರೆದಿದ್ದೇನೆ. ಪ್ರತಿ ತಂಡದಲ್ಲೂ ಒಬ್ಬರು ಬದಲಿ ಪಾಠಕ್ಕೆ ಸಿದ್ಧರಿರುವಂತೆ ಜೋಡಿ ಮಾಡಿಟ್ಟರೆ ಶಾಲೆಗೂ ತೊಂದರೆಯಿಲ್ಲ.

ಆಗಸ್ಟಿನಲ್ಲಿ ನಾವೇ ಇದನ್ನು ಒಮ್ಮೆ ಮಾಡಿ ನೋಡಿದೆವು. ಬೆಳಿಗ್ಗೆ ಆರೂವರೆಗೆ ಬಿ.ಸಿ. ರೋಡಿನಿಂದ ಸಹಪಾಠಿಯ ಫೋನ್: ಮೈಕೈ ನೋವು, ಚಳಿ, ಹೊರಡಲೋ ಬೇಡವೋ. ಬರಬೇಡ ಎಂದೆ. ಅವಳ ಪಾಠ ಯೋಜನೆಯನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡು, ಸಿದ್ಧಕಟ್ಟೆ ದಾಟುವವರೆಗೆ ಬಸ್ಸಿನಲ್ಲೇ ಓದಿ, ಒಂಬತ್ತನೇ ತರಗತಿಗೆ ‘ನಾವೇಕೆ ಕಾಯಿಲೆ ಬೀಳುತ್ತೇವೆ’ ಎಂಬ ಪಾಠವನ್ನು ನಾನೇ ಮಾಡಿದೆ. ಸಂಜೆ ದಾಖಲೆ ಬರೆಯುವಾಗ ಈ ಪಾಠವನ್ನು ಅವಳ ಲೆಕ್ಕಕ್ಕೆ ಹಾಕುವುದೋ ನನ್ನ ಲೆಕ್ಕಕ್ಕೋ ಎಂದು ಶಾಲೆಯ ಮಾರ್ಗದರ್ಶಿ ಶಿಕ್ಷಕರಿಗೂ ತಿಳಿಯಲಿಲ್ಲ. ಅದಕ್ಕೊಂದು ಕಾಲಂ ಇರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟರು.